ಅರ್ಜುನವಾಡದ ಶಾಸನವೂ ಬಸವಣ್ಣನವರ ಜನ್ಮಸ್ಥಳವೂ

ಬಸವಣ್ಣನವರ ಹುಟ್ಟೂರಿನ ವಿಚಾರದಲ್ಲಿ ಪುರಾಣಕಾವ್ಯಗಳ ಹೊರಗೆ ದೊರೆಯುವ ಆಧಾರಗಳಲ್ಲಿ ಮುಖ್ಯವಾದುದು ಬೆಳಗಾವಿ ಜಿಲ್ಲೆಯ ಹುಕ್ಕೇರಿ ತಾಲೂಕಿನ ಅರ್ಜುನವಾಡದ ಶಿಲಾಶಾಸನ. ಸೇವುಣ ಅರಸ ಕನ್ನರನ ಆಳಿಕೆಗೆ ಸೇರಿದ, ಕ್ರಿ. ಶ. 1260ರ ಈ ಬರಹವು ಚರಿತ್ರೆಯನ್ನು ಹೇಳಲೆಂದು ಹುಟ್ಟಿದುದಲ್ಲ. ಅದು ದತ್ತಿಯ ದಾಖಲೆ. ಹಾಲಬಸವಿದೇವನೆಂಬ ಗುರುವಿನ ವಂಶವನ್ನು ಹೇಳಬೇಕಾಗಿ ಬಂದುದರಿಂದಲೇ ತರ್ದವಾಡಿ ನಾಡಿನ ನಡುವಣ ಬಾಗವಾಡಿಯೂ, ಅದರ ಒಡೆಯ ಮಾದಿರಾಜನೂ, ಅವನ ಮಗ ಬಸವರಾಜನೂ, ಸಂಗನ ಬಸವನ ಅಗ್ರಜನಾದ ದೇವರಾಜಮುನಿಯೂ ಕಲ್ಲಿನ ಮೇಲೆ ಮೂಡಿದರು.

ಈ ಪ್ರಾಸಂಗಿಕತೆಯೇ ಶಾಸನದ ಬೆಲೆಯನ್ನು ಹೆಚ್ಚಿಸಿದೆ. ಇದು ದೊರೆಯುವ ಮುನ್ನ ಫ್ಲೀಟರಂತಹ ಶಾಸನತಜ್ಞರು ಬಾಗೇವಾಡಿಗೆ ವಾಯವ್ಯದಲ್ಲಿರುವ ಮನಗೂಳಿಯ ಶಾಸನದತ್ತ ದೃಷ್ಟಿ ಹರಿಸಿದ್ದರು. ಅಲ್ಲಿಯೂ ಒಬ್ಬ ಬಸವನಿದ್ದಾನೆ. ಶಿವಾಲಯವನ್ನು ಕಟ್ಟಿಸಿದ ಸತ್ಪುರುಷನೆಂದು ಹೊಗಳಿಸಿಕೊಂಡಿದ್ದಾನೆ. ಕಾಲವೂ ಹೊಂದುತ್ತದೆ, ಪ್ರದೇಶವೂ ಹೊಂದುತ್ತದೆ. ಆದರೆ ಅವನು ರೇವದಾಸನ ಮೊಮ್ಮಗ, ಚಂದಿರಾಜನ ಮಗ. ಹೆಸರೊಂದೇ ಆದ ಮಾತ್ರಕ್ಕೆ ವ್ಯಕ್ತಿ ಒಬ್ಬನೇ ಆಗುವುದಿಲ್ಲವೆಂಬುದನ್ನು ಅರ್ಜುನವಾಡದ ಮಾದಿರಾಜನೇ ನಿರ್ಣಯಿಸಿಕೊಟ್ಟನು.

ಹಾಗೆಂದು ಈ ಶಾಸನವು ಜನ್ಮಸ್ಥಳವನ್ನು ಸಿದ್ಧಪಡಿಸಿತೆಂದು ಬರೆಯುವವರು ಒಂದು ಹೆಜ್ಜೆ ಮುಂದಕ್ಕೆ ಇಡುತ್ತಾರೆ. ಶಾಸನವು ಮಾದಿರಾಜನನ್ನು ಬಾಗವಾಡಿಯ ಪುರವರಾಧೀಶ್ವರನೆಂದು ಕರೆಯುತ್ತದೆಯೇ ಹೊರತು ಮಗನು ಅಲ್ಲಿ ಹುಟ್ಟಿದನೆಂದು ಹೇಳುವುದಿಲ್ಲ. ಪುರವರಾಧೀಶ್ವರನೆಂಬುದು ಬಿರುದು. ಸವದತ್ತಿಯ ರಟ್ಟರು ಲತ್ತಲೂರಿನ, ದೇವಗಿರಿಯ ಸೇವುಣರು ದ್ವಾರಾವತಿಯ, ಕಲ್ಯಾಣದ ಕಲಚುರಿಗಳು ಕಾಲಂಜರದ ಅಧೀಶ್ವರರೆಂದು ಹೇಳಿಕೊಂಡರು. ಆ ಊರುಗಳಲ್ಲಿ ಅವರ ಆಳಿಕೆಯಿರಲಿಲ್ಲ. ಬಾಗವಾಡಿಯೂ ಇಂತಹ ಅಲಂಕಾರವೇ ಎಂದು ಸಂಶಯಿಸುವವರಿಗೆ ಉತ್ತರ ಶಾಸನದಲ್ಲಿಯೇ ಇದೆ. ಕುಲದ ಹೆಮ್ಮೆಗಾಗಿ ದೂರದ, ಕೀರ್ತಿವೆತ್ತ ನಗರವನ್ನು ಆರಿಸಿಕೊಳ್ಳುವುದು ಅರಸುಮನೆತನಗಳ ವಾಡಿಕೆ. ಬಾಗವಾಡಿ ಅಂತಹ ನಗರವಲ್ಲ. ಇಂತಹ ನಾಡಿನ ನಡುವಿನದು ಎಂದು ಗುರುತು ಹೇಳಿದರೆ ಮಾತ್ರ ತಿಳಿಯುವ ಊರು. ಗುರುತು ಹೇಳಬೇಕಾದ ಊರನ್ನು ಯಾರೂ ಬರಿಯ ಜಂಭಕ್ಕಾಗಿ ಬಿರುದಿನೊಳಕ್ಕೆ ತರುವುದಿಲ್ಲ. ಬಸವಣ್ಣನವರ ಬಳಿಕ ಒಂದು ಶತಮಾನ ತುಂಬುವ ಮೊದಲೇ, ದೂರದ ಹುಕ್ಕೇರಿ ಸೀಮೆಯಲ್ಲಿ, ಈ ಮನೆತನದ ನೆಲೆ ಬಾಗವಾಡಿಯೆಂಬುದು ನೆನಪಿನಲ್ಲಿತ್ತು. ಶಾಸನದಿಂದ ನಿಶ್ಚಿತವಾಗುವುದು ಇಷ್ಟು. ಇದು ಅಲ್ಪವೂ ಅಲ್ಲ.

ಇನ್ನು ಇಂಗಳೇಶ್ವರದ ಮಾತು. ಬಾಗೇವಾಡಿಗೆ ಸಮೀಪದ ಈ ಊರು ಮಾದಲಾಂಬಿಕೆಯ ತವರೆಂದೂ ಬಸವಣ್ಣನವರು ಅಲ್ಲಿಯೇ ಜನಿಸಿದರೆಂದೂ ಸ್ಥಳೀಯ ಪ್ರತೀತಿಯಿದೆ. ಹರಿಹರನು ಬಾಗೇವಾಡಿಯನ್ನು ಹೇಳಿದರೆ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಎರಡೂ ಹೆಸರುಗಳು ಜೊತೆಯಾಗಿಯೇ ಬರುತ್ತವೆ. ಚೊಚ್ಚಲ ಹೆರಿಗೆ ತವರಿನಲ್ಲಾಗುವುದು ನಾಡಿನ ಪದ್ಧತಿಯಾದುದರಿಂದ ಇಂಗಳೇಶ್ವರವೇ ಜನ್ಮಸ್ಥಳವೆಂಬ ವಾದವು ಮೇಲುನೋಟಕ್ಕೆ ಸಹಜವಾಗಿಯೇ ತೋರುತ್ತದೆ. ಆದರೆ ಅರ್ಜುನವಾಡದ ಶಾಸನವನ್ನು ನಂಬುವವರು ಅದನ್ನು ಪೂರ್ಣವಾಗಿ ನಂಬಬೇಕು: ಅಲ್ಲಿ ಬಸವಣ್ಣನವರಿಗೆ ಅಣ್ಣನಿದ್ದಾನೆ. ಅಕ್ಕ ನಾಗಲಾಂಬಿಕೆಯನ್ನು ಪರಂಪರೆಯೂ ಬಲ್ಲದು. ಹೀಗಿರುವಾಗ ಚೊಚ್ಚಲ ಹೆರಿಗೆಯ ವಾದವು ನಿಲ್ಲುವುದಿಲ್ಲ. ತಂದೆಯ ಹೆಸರಿಗೆ ಕಲ್ಲನ್ನು ಕರೆದು, ಅಣ್ಣನ ಹೆಸರು ಬಂದೊಡನೆ ಅದನ್ನು ಮರೆಯುವುದು ವಿಮರ್ಶೆಯ ಮಾರ್ಗವಲ್ಲ.

ತವರಿನ ಪ್ರತೀತಿಗೆ ಇದರಿಂದ ಭಂಗವಿಲ್ಲ. ಎರಡನೆಯ ಅಥವಾ ಮೂರನೆಯ ಮಗುವೂ ತವರಿನಲ್ಲಿ ಹುಟ್ಟಬಹುದು. ಅದನ್ನು ಶಾಸನದ ಹೆಗಲಿಗೆ ಏರಿಸುವುದು ಮಾತ್ರ ಸಲ್ಲದು. ತರ್ದವಾಡಿ ಸಾಸಿರದ ಊರೂರುಗಳಲ್ಲಿ ದತ್ತಿಯ ಕಲ್ಲುಗಳಿವೆ. ಅವುಗಳಲ್ಲಿ ಮತ್ತರಿನ ಲೆಕ್ಕ, ಎಲ್ಲೆಯ ಹೆಸರು, ಮಹಾಜನರ ಪ್ರಸ್ತಾಪ ಹೇರಳವಾಗಿರುತ್ತವೆ. ಇಂಗಳೇಶ್ವರದ ಪಕ್ಷಕ್ಕೆ ಬೇಕಾದುದು ಅಂತಹ ಕಲ್ಲೊಂದರಲ್ಲಿ ಮಾದಲಾಂಬಿಕೆಯ ತಂದೆಯ ಮನೆಯ ಹೆಸರು.