ಅವಕೆಂಪು ಚಿತ್ರ ಮತ್ತು ನಾವು ಬಿಟ್ಟ ರೇಖೆಗಳು

2022ರ ಅಕ್ಟೋಬರ್‌ನಲ್ಲಿ ಜೇಮ್ಸ್ ವೆಬ್ ದೂರದರ್ಶಕ ತೆಗೆದ ‘ಸೃಷ್ಟಿಯ ಸ್ತಂಭಗಳು’ ಚಿತ್ರ ಬಿಡುಗಡೆಯಾಯಿತು. ಗರುಡ ನೀಹಾರಿಕೆಯ ಈ ಧೂಳಿನ ಕಂಬಗಳೊಳಗೆ ನಕ್ಷತ್ರಗಳು ಹುಟ್ಟುತ್ತಿವೆ. ಇಂಥ ಚಿತ್ರಗಳಿಗೆ ತರಗತಿಯಲ್ಲೂ ಜನಪ್ರಿಯ ಬರಹಗಳಲ್ಲೂ ನಾವು ಕೊಡುವ ವಿವರಣೆ ಸಾಮಾನ್ಯವಾಗಿ ಒಂದೇ: ಅವಕೆಂಪು ಕಿರಣಗಳು ಧೂಳನ್ನು ತೂರಿ ಬರುತ್ತವೆ.

ಈ ಮಾತು ಅರ್ಧ ಸತ್ಯ. ದೃಗ್ಗೋಚರ ಬೆಳಕಿನಲ್ಲಿ ಹತ್ತು ಕೋಟಿಗೆ ಒಂದು ಪಾಲು ಮಾತ್ರ ಹೊರಬರುವಷ್ಟು ದಟ್ಟ ಧೂಳಿನಲ್ಲಿ 2.2 ಮೈಕ್ರೋಮೀಟರ್ ಬೆಳಕಿನ ಸುಮಾರು ಏಳನೆಯ ಒಂದು ಪಾಲು ಹೊರಬರುತ್ತದೆ. ಉಳಿದದ್ದು ನಷ್ಟವೇ. ಆ ನಷ್ಟವೆಷ್ಟೆಂದು ತಿಳಿಯದೆ ಒಳಗಿನ ನಕ್ಷತ್ರದ ನಿಜವಾದ ಕಾಂತಿ ಹೇಳಲಾಗದು. ಅದನ್ನು ತಿಳಿಸುವವು ಉತ್ಸರ್ಜನ ರೇಖೆಗಳು.

ದ್ವಿತೀಯ ಪಿಯುಸಿಯಲ್ಲಿ ಪ್ಯಾಶನ್, ಬ್ರಾಕೆಟ್ ಶ್ರೇಣಿಗಳನ್ನು ‘ಅವಕೆಂಪು ವಲಯ’ ಎಂದು ಬಾಯಿಪಾಠ ಮಾಡಿಸಿ ಕೈಬಿಡುತ್ತೇವೆ. ರಿಡ್‌ಬರ್ಗ್ ಸೂತ್ರದಲ್ಲಿ 7ರಿಂದ 4ನೇ ಮಟ್ಟಕ್ಕೆ ಲೆಕ್ಕ ಹಾಕಿದರೆ 2.166 ಮೈಕ್ರೋಮೀಟರ್ ಬರುತ್ತದೆ, ಅದು ಬ್ರಾಕೆಟ್-ಗಾಮಾ. 5ರಿಂದ 3ಕ್ಕೆ 1.282; ಅದು ಪ್ಯಾಶನ್-ಬೀಟಾ. ಸುಮಾರು 10,000 ಕೆಲ್ವಿನ್ ತಾಪದ ಅಯಾನೀಕೃತ ಅನಿಲದಲ್ಲಿ ಪ್ಯಾಶನ್-ಬೀಟಾ ಸುಮಾರು ಆರು ಪಟ್ಟು ಪ್ರಬಲವಾಗಿರಬೇಕು. ಅಳತೆಯಲ್ಲಿ ಮೂರೇ ಪಟ್ಟು ಬಂದರೆ, ಚಿಕ್ಕ ಅಲೆಯುದ್ದದ ಬೆಳಕನ್ನು ಧೂಳು ಹೆಚ್ಚು ತಿಂದಿದೆ ಎಂದರ್ಥ. (ಕಬ್ಬಾಳು ಬೆಟ್ಟದಿಂದ ಕಾಣುವ ಮುಳುಗು ಸೂರ್ಯ ಕೆಂಪಾಗುವುದೂ ಚಿಕ್ಕ ಅಲೆಗಳು ದಾರಿಯಲ್ಲೇ ಹೆಚ್ಚು ಚದುರುವುದರಿಂದ.) ಆ ಕೊರತೆಯೇ ಧೂಳಿನ ಅಳತೆ.

ಹೈಡ್ರೋಜನ್ ಅಣುವಿನ ಕತೆಯೇ ಬೇರೆ. ಅದರ 2.122 ಮೈಕ್ರೋಮೀಟರ್ ರೇಖೆ 2.248ರ ರೇಖೆಗಿಂತ ಹತ್ತು ಪಟ್ಟು ಪ್ರಬಲವಾಗಿದ್ದರೆ, ಎಳೆಯ ನಕ್ಷತ್ರದ ಚಿಮ್ಮುಧಾರೆ ಅನಿಲಕ್ಕೆ ಅಪ್ಪಳಿಸಿ ಬಿಸಿಮಾಡಿರುವ ಸಂಭವ ಹೆಚ್ಚು. ಎರಡು ಪಟ್ಟಿನ ಆಸುಪಾಸಿದ್ದರೆ, ವಿರಳ ಅನಿಲವನ್ನು ಅತಿನೇರಳೆ ಕಿರಣಗಳು ಉದ್ರೇಕಿಸಿವೆ. ಚಿತ್ರದಲ್ಲಿ ಎರಡೂ ಒಂದೇ ಬಗೆಯ ಹೊಳಪು!

ವೆಬ್ ಚಿತ್ರದ ಬಣ್ಣಗಳನ್ನು ‘ಕೃತಕ’ ಎಂದು ತಳ್ಳಿಹಾಕುವವರೂ ಉಂಟು. ಅದರ ಒಂದು ಶೋಧಕ ಪ್ಯಾಶನ್-ಆಲ್ಫಾ ರೇಖೆಗೆ, ಇನ್ನೊಂದು 4.7 ಮೈಕ್ರೋಮೀಟರ್ ಬಳಿಯ ಅಣು ಹೈಡ್ರೋಜನ್ ರೇಖೆಗೆ ಮೀಸಲು. ಕಂಬಗಳ ಅಂಚಿನ ಕೆಂಪು ಮುಖ್ಯವಾಗಿ ಎರಡನೆಯದರದು. ಬಣ್ಣ ನಾವು ಹಚ್ಚಿದ್ದು, ಮಾಹಿತಿಯಲ್ಲ.

ಲಡಾಖ್‌ನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ 2 ಮೀಟರ್ ಚಂದ್ರ ದೂರದರ್ಶಕವನ್ನು ಭಾರತೀಯ ಖಭೌತ ಸಂಸ್ಥೆ ನಮ್ಮ ಹೊಸಕೋಟೆಯಿಂದಲೇ ನಡೆಸುತ್ತದೆ. 2013ರಲ್ಲಿ ಅದಕ್ಕೆ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ‘ಟರ್‌ಸ್ಪೆಕ್’ ಅವಕೆಂಪು ರೋಹಿತಮಾಪಕ ಜೋಡಿಸಲಾಯಿತು. ಇದರ ಬಗ್ಗೆ ಬರೆಯುವಾಗ ಎತ್ತರವನ್ನೂ ಕನ್ನಡಿಯ ವ್ಯಾಸವನ್ನೂ ತಪ್ಪದೆ ಹೇಳುತ್ತೇವೆ. ರೋಹಿತದ ಒಂದು ನಕ್ಷೆ ಅಚ್ಚಾಗುವುದು ಅಪರೂಪ. ನಕ್ಷೆ ಇದ್ದರೆ ವಿದ್ಯಾರ್ಥಿ ಕೇಳಿಯಾನು: ಹೆಚ್ಚು ಪ್ರಬಲವಾದ ಪ್ಯಾಶನ್-ಆಲ್ಫಾ ಬಿಟ್ಟು ಇಲ್ಲಿ ಬ್ರಾಕೆಟ್-ಗಾಮಾ ಏಕೆ? 1.87 ಮೈಕ್ರೋಮೀಟರ್ ಬೆಳಕನ್ನು ನಮ್ಮ ವಾತಾವರಣದ ನೀರಾವಿ ಹೀರಿಬಿಡುತ್ತದೆ.