ಎರಡನೇ ಶುಕ್ರವಾರ ಸಿಗದ ಸಿನಿಮಾ

ಬೆಂಗಳೂರಿನ ಗಾಂಧಿನಗರದ ಹಂಚಿಕೆದಾರರು ಕರ್ನಾಟಕವನ್ನು ತಮ್ಮದೇ ರೀತಿಯಲ್ಲಿ ಪಾಲು ಮಾಡಿಕೊಂಡಿದ್ದಾರೆ. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ ಬಿಕೆಟಿ. ಮೈಸೂರು, ಮಂಡ್ಯದ ಸೀಮೆ ಎಂಎಂಸಿಎಚ್. ಗದಗ-ಬೆಟಗೇರಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಗಳು ಅವರ ಬಾಯಲ್ಲಿ ಇಂದಿಗೂ ‘ಬಾಂಬೆ ಕರ್ನಾಟಕ’. 1997ರಲ್ಲಿ ಗದಗ ಜಿಲ್ಲೆಯಾಯಿತು, 2021ರಲ್ಲಿ ಸರ್ಕಾರ ಈ ಭಾಗಕ್ಕೆ ಕಿತ್ತೂರು ಕರ್ನಾಟಕವೆಂದು ಹೆಸರಿಟ್ಟಿತು, ಗಲ್ಲಾಪೆಟ್ಟಿಗೆಯ ಲೆಕ್ಕ ಮಾತ್ರ ಹಳೆಯ ಹಾದಿಯಲ್ಲೇ ನಡೆದಿದೆ. ಹಿಂದಿ ಚಿತ್ರಗಳ ವ್ಯಾಪಾರದಲ್ಲಂತೂ ಹಳೆಯ ಧಾರವಾಡ ಜಿಲ್ಲೆ ಮುಂಬೈ ಸರ್ಕಿಟ್ಟಿನ ಭಾಗ. ನಮ್ಮ ಊರುಗಳಲ್ಲಿ ಹರಿದ ಟಿಕೆಟ್ಟು ಮುಂಬೈಯ ಗಳಿಕೆಯೊಳಗೆ ಕರಗುತ್ತದೆ.

ವೈಜ್ಞಾನಿಕ ಸಾಹಸ ಚಿತ್ರವೊಂದು ತೆರೆಕಂಡಾಗಲೆಲ್ಲ ಈ ಲೆಕ್ಕದಿಂದ ಒಂದು ತೀರ್ಪು ಹೊರಡುತ್ತದೆ. ಬೆಂಗಳೂರಿನಲ್ಲಿ ಪರವಾಗಿಲ್ಲ, ಆ ಕಡೆಯ ಬಿ, ಸಿ ಸೆಂಟರುಗಳಲ್ಲಿ ಮಲಗಿತು ಎನ್ನುತ್ತಾರೆ. ಅದರ ಬೆನ್ನಿಗೇ ಕಾರಣವೂ ಬರುತ್ತದೆ: ಆ ಮಂದಿಗೆ ಟೈಮ್ ಮಷೀನು, ರೋಬೋಟು ತಲೆಗೆ ಹತ್ತುವುದಿಲ್ಲ, ಹೊಡೆದಾಟವಿರಬೇಕು, ತಾಯಿಯ ಕಣ್ಣೀರಿರಬೇಕು. ಈ ಮಾತನ್ನು ನಾನು ಒಪ್ಪುವುದಿಲ್ಲ. ಚಿತ್ರ ಸೋತದ್ದು ಎಷ್ಟೋ ಸಲ ನಿಜ. ಆದರೆ ಸೋಲಿನ ಹೊಣೆ ನೋಡುಗರದ್ದಲ್ಲ.

1968ರ ‘ಜೇಡರ ಬಲೆ’ಯನ್ನು ತೆಗೆದುಕೊಳ್ಳಿ. ದೊರೈ-ಭಗವಾನ್ ನಿರ್ದೇಶನ, ಸಿಐಡಿ 999 ಆಗಿ ರಾಜ್‌ಕುಮಾರ್. ಲೋಹವನ್ನು ಚಿನ್ನ ಮಾಡುವ ಸೂತ್ರ, ಅದನ್ನು ಕಂಡುಹಿಡಿದ ವಿಜ್ಞಾನಿ, ಅವನ ಬೆನ್ನು ಹತ್ತಿದ ಖೂಳರ ಕೂಟ. ಇದು ವಿಜ್ಞಾನದ ಕಲ್ಪನೆಯಲ್ಲದೆ ಮತ್ತೇನು? ಜನ ಒಪ್ಪಿದ್ದಕ್ಕೆ ಸಾಕ್ಷಿ ಬೇಕೆಂದರೆ, ಅದೇ ವರ್ಷ ‘ಗೋವಾದಲ್ಲಿ ಸಿಐಡಿ 999’ ಬಂತು, ಮರುವರ್ಷ ‘ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999’, 1978ಕ್ಕೆ ‘ಆಪರೇಷನ್ ಡೈಮಂಡ್ ರಾಕೆಟ್’. ದುಡ್ಡು ಬಾರದ ಕಥೆಯನ್ನು ಯಾವ ನಿರ್ಮಾಪಕನೂ ನಾಲ್ಕು ಸಲ ತೆಗೆಯುವುದಿಲ್ಲ. ರಜನಿಕಾಂತರ ‘ಎಂದಿರನ್’ ಬರುವುದಕ್ಕೆ ಎಂಟು ವರ್ಷ ಮೊದಲೇ, 2002ರಲ್ಲಿ, ಉಪೇಂದ್ರ ‘ಹಾಲಿವುಡ್’ ಚಿತ್ರದಲ್ಲಿ ಯಂತ್ರಮಾನವನಾಗಿ ನಿಂತಿದ್ದರು. ಧೈರ್ಯಕ್ಕೆ ಕನ್ನಡದಲ್ಲಿ ಕೊರತೆ ಇರಲಿಲ್ಲ.

ಹಾಗಿದ್ದರೆ ಬದಲಾದದ್ದು ಏನು? ಪ್ರಿಂಟಿನ ಕಾಲದಲ್ಲಿ ಚಿತ್ರಗಳು ಊರಿಂದೂರಿಗೆ ನಿಧಾನವಾಗಿ ನಡೆಯುತ್ತಿದ್ದವು. ರೀಲಿನ ಪೆಟ್ಟಿಗೆ ಮೊದಲು ಹುಬ್ಬಳ್ಳಿಗೆ ಬರಬೇಕು, ಅಲ್ಲಿ ಓಟ ಮುಗಿದ ಮೇಲೆ ಗದಗಿಗೆ, ಆಮೇಲೆ ತಾಲ್ಲೂಕಿನ ಊರುಗಳಿಗೆ. ಪ್ರಿಂಟು ಅಷ್ಟರಲ್ಲಿ ಗೀರು ಬಿದ್ದು ಮಳೆ ಸುರಿಸುತ್ತಿತ್ತು, ಒಂದೆರಡು ಹಾಡು ಕತ್ತರಿಗೆ ಹೋಗಿರುತ್ತಿದ್ದವು. ಆದರೆ ಚಿತ್ರಕ್ಕಿಂತ ಮೊದಲು ಚಿತ್ರದ ಸುದ್ದಿ ಬಂದಿರುತ್ತಿತ್ತು. ಹುಬ್ಬಳ್ಳಿಯಲ್ಲಿ ಕೆಲಸಕ್ಕಿದ್ದ ಹುಡುಗ ಅಮವಾಸ್ಯೆಗೆ ಊರಿಗೆ ಬಂದು ಕಟ್ಟೆಯ ಮೇಲೆ ಕೂತು ಇಡೀ ಕಥೆ ಹೇಳಿರುತ್ತಿದ್ದ. ಅರ್ಥವಾಗದ ಭಾಗವನ್ನು ಕೇಳಿಕೊಂಡು, ವಾದ ಮಾಡಿಕೊಂಡು ಜನ ಟಾಕೀಸಿಗೆ ಹೋಗುತ್ತಿದ್ದರು. ವಿಚಿತ್ರ ಕಥೆಯ ಚಿತ್ರಕ್ಕೆ ಈ ಮುನ್ನುಡಿಗಿಂತ ದೊಡ್ಡ ಪ್ರಚಾರ ಬೇರೆ ಇರಲಿಲ್ಲ.

2005ರ ನಂತರ ಉಪಗ್ರಹದ ಮೂಲಕ ಚಿತ್ರ ಕಳಿಸುವ ಡಿಜಿಟಲ್ ವ್ಯವಸ್ಥೆ ಬಂತು. ಗೀರಿಲ್ಲದ ಚಿತ್ರ, ಬೆಂಗಳೂರಿನ ದಿನವೇ ನಮ್ಮಲ್ಲೂ ಬಿಡುಗಡೆ. ಇದು ಸಣ್ಣ ಊರಿಗೆ ಸಿಕ್ಕ ಗೌರವವೇ, ಅಲ್ಲವೆನ್ನುವುದಿಲ್ಲ. ಆದರೆ ಅದರ ಜೊತೆಗೇ ಸುದ್ದಿ ಹರಡುವ ಕಾಲ ಕಳೆದುಹೋಯಿತು. ಶುಕ್ರವಾರ ಬಂದ ಚಿತ್ರದ ಹಣೆಬರಹ ಭಾನುವಾರ ರಾತ್ರಿಗೆ ತೀರ್ಮಾನ. ನಾಲ್ಕೈದು ಪರದೆಯ ಮಲ್ಟಿಪ್ಲೆಕ್ಸಿನಲ್ಲಿ ಜನ ಕಡಿಮೆಯಾದರೆ ಚಿತ್ರವನ್ನು ಸಣ್ಣ ಹಾಲಿಗೆ ದಾಟಿಸುತ್ತಾರೆ, ಒಂದು ಸಂಜೆ ಆಟವಾದರೂ ಉಳಿಸುತ್ತಾರೆ. ಒಂದೇ ಪರದೆಯ ಟಾಕೀಸಿನಲ್ಲಿ ದಾಟಿಸುವುದು ಎಲ್ಲಿಗೆ? ಮುಂದಿನ ಶುಕ್ರವಾರ ಪೋಸ್ಟರ್ ಬದಲು, ಕಥೆ ಮುಗಿಯಿತು.

2024ರ ಮಾರ್ಚ್ 8ರಂದು ಶ್ರೀನಿಧಿ ಬೆಂಗಳೂರು ಅವರ ‘ಬ್ಲಿಂಕ್’ ಬಂತು. ಹೊಸ ನಿರ್ದೇಶಕ, ದೀಕ್ಷಿತ್ ಶೆಟ್ಟಿ ನಾಯಕ, ಕಾಲಪಯಣದ ಕಥೆ. ಅದೇ ಶಿವರಾತ್ರಿಯ ದಿನ ಶಿವರಾಜ್‌ಕುಮಾರ್, ಪ್ರಭುದೇವ ಜೋಡಿಯ ‘ಕರಟಕ ದಮನಕ’, ಜಗ್ಗೇಶರ ‘ರಂಗನಾಯಕ’. ಮೊದಲ ದಿನಗಳಲ್ಲಿ ‘ಬ್ಲಿಂಕ್’ ಕೇಳುವವರಿರಲಿಲ್ಲ. ನೋಡಿದವರು ಮಾತಾಡಿದರು, ಮತ್ತೆ ನೋಡಿದರು, ಬೆಂಗಳೂರಿನ ಮಲ್ಟಿಪ್ಲೆಕ್ಸುಗಳಲ್ಲಿ ಆಟಗಳು ಹೆಚ್ಚಿದವು. ಎರಡನೇ ವಾರ ಸಿಗದಿದ್ದರೆ ಆ ಚಿತ್ರವನ್ನು ಇವತ್ತು ಯಾರೂ ನೆನೆಯುತ್ತಿರಲಿಲ್ಲ. ಕಥೆಯ ಗಂಟು ಬಿಡಿಸಿಕೊಳ್ಳುವುದೇ ಇಂಥ ಚಿತ್ರಗಳ ಸುಖ. ಅದಕ್ಕೆ ಸಮಯ ಬೇಕು.

ಅದೇ ವರ್ಷ ಡಿಸೆಂಬರ್ 20ಕ್ಕೆ ಬಂದ ಉಪೇಂದ್ರರ ‘ಯುಐ’ ನೋಡಿ. ಅದಕ್ಕೆ ಹದಿನೈದು ದಿನ ಮೊದಲು ‘ಪುಷ್ಪ 2’ ಊರೂರಿನ ತೆರೆ ಹಿಡಿದಿತ್ತು. ಐದು ದಿನಕ್ಕೆ, 25ರಂದು, ಸುದೀಪರ ‘ಮ್ಯಾಕ್ಸ್’ ಬಂದಿಳಿಯಿತು. 30ಕ್ಕೆ ಎಳ್ಳಮಾವಾಸ್ಯೆ. ನಮ್ಮ ಎರೆಸೀಮೆಯಲ್ಲಿ ಅವತ್ತು ಮನೆಮಂದಿಯೆಲ್ಲ ಸಜ್ಜಿರೊಟ್ಟಿ, ಎಣಗಾಯಿ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ ಚರಗ ಚೆಲ್ಲುತ್ತಾರೆ. ಟಾಕೀಸಿನ ಕಡೆ ಹಾಯುವವರು ಯಾರು? ‘ಯುಐ’ ಒಮ್ಮೆಗೇ ಕೈಗೆ ಸಿಗುವ ಚಿತ್ರವಲ್ಲ. ಬುದ್ಧಿವಂತರು ಎದ್ದು ಹೋಗಬಹುದೆಂಬ ಸೂಚನೆಯಿಂದಲೇ ಅದು ಶುರುವಾಗುತ್ತದೆ. ಸತ್ಯ ಮತ್ತು ಕಲ್ಕಿ ಎಂಬ ಎರಡು ಪಾತ್ರಗಳ ನಡುವೆ ನೋಡುಗನನ್ನು ನಿಲ್ಲಿಸಿ ಅವನನ್ನೇ ಪ್ರಶ್ನೆ ಕೇಳುತ್ತದೆ. ಚಿತ್ರದ ಉತ್ತರಾರ್ಧ ಬಿಗಿಯಾಗಬೇಕಿತ್ತು ಎಂಬುದು ನನ್ನ ಅಭಿಪ್ರಾಯ. ಆದರೂ ಹೊರಗೆ ಬಂದವರು ಚಹಾದಂಗಡಿಯಲ್ಲಿ ನಿಂತು ಜಗಳವಾಡಲೇಬೇಕಾದ ಚಿತ್ರ ಅದು. ಅಂಥ ಜಗಳ ಕಾವೇರುವ ಹೊತ್ತಿಗೆ ತೆರೆ ಖಾಲಿ ಮಾಡಿಸಿದರೆ ‘ಜನಕ್ಕೆ ತಿಳಿಯಲಿಲ್ಲ’ ಎಂದು ಹೇಳುವುದು ನ್ಯಾಯವೇ?

ಇನ್ನು ಅಂಕಿಗಳ ವಿಷಯ. ‘ಗಳಿಕೆ ಇಷ್ಟು ಕೋಟಿ’ ಎಂದು ಪೋಸ್ಟರಿನಲ್ಲಿ ಬರುವುದು ಗ್ರಾಸ್. ಅದರಲ್ಲಿ ಜಿಎಸ್‌ಟಿ ಕಳೆದರೆ ನೆಟ್. ಟಾಕೀಸಿನ ಬಾಡಿಗೆ ಕಳೆದು ಹಂಚಿಕೆದಾರನ ಕೈಗೆ ಉಳಿಯುವುದು ಶೇರ್. ಚಿತ್ರ ಬದುಕುವುದು, ಸಾಯುವುದು ಈ ಕೊನೆಯ ಅಂಕಿಯ ಮೇಲೆ. ಮಲ್ಟಿಪ್ಲೆಕ್ಸಿನಲ್ಲಿ ಬಂದ ಹಣವನ್ನು ಶೇಕಡಾವಾರು ಹಂಚಿಕೊಳ್ಳುತ್ತಾರೆ, ಜನ ಕಡಿಮೆಯಾದರೆ ಇಬ್ಬರಿಗೂ ಕಡಿಮೆ. ನಮ್ಮ ಕಡೆಯ ಒಂಟಿ ಟಾಕೀಸುಗಳಲ್ಲಿ ಬಹುಕಾಲ ನಡೆದದ್ದು ವಾರದ ಬಾಡಿಗೆ. ಜನ ಬರಲಿ ಬಿಡಲಿ, ಬಾಡಿಗೆ ಕಟ್ಟಬೇಕು. ಒಂದು ಆಟಕ್ಕೆ 150 ಜನ ಬಂದರು ಎಂದಿಟ್ಟುಕೊಳ್ಳಿ. 150 ಸೀಟಿನ ಹಾಲಿನಲ್ಲಿ ಅದು ಹೌಸ್‌ಫುಲ್, ಫೋಟೋ ಸಮೇತ ಸುದ್ದಿ. 600 ಸೀಟಿನ ಟಾಕೀಸಿನಲ್ಲಿ ಅದೇ 150 ಮಂದಿ ಕಂಡರೆ ‘ಖಾಲಿ ಹೊಡೀತದ’ ಎನ್ನುತ್ತಾರೆ. ಟಿಕೆಟ್ ದರವೂ ನಮ್ಮಲ್ಲಿ ಕಡಿಮೆ. ಹೀಗಿರುವಾಗ ರೂಪಾಯಿಯಲ್ಲಿ ಬೆಂಗಳೂರನ್ನೂ ಶಿರಹಟ್ಟಿಯನ್ನೂ ಪಕ್ಕಪಕ್ಕ ಇಟ್ಟು ರುಚಿಯ ತೀರ್ಪು ಕೊಡಲಾಗದು.

ಪರಭಾಷೆಯ ಚಿತ್ರಗಳ ಸ್ಥಿತಿ ಇನ್ನೂ ಬೇರೆ. ‘ಜುರಾಸಿಕ್ ಪಾರ್ಕ್’ 1994ರಲ್ಲಿ ಹಿಂದಿ ಮಾತಾಡಿಕೊಂಡು ಬಂದು ಇಡೀ ದೇಶದಲ್ಲಿ ಹಣ ಬಾಚಿತು. ಕನ್ನಡದಲ್ಲಿ ಡಬ್ಬಿಂಗ್‌ಗೆ ಆಗ ಅವಕಾಶವಿರಲಿಲ್ಲ. ಕೃಷ್ಣದೇವರಾಯನ ಆಸ್ಥಾನಕ್ಕೆ ಕಾಲಯಂತ್ರದಲ್ಲಿ ಹೋಗುವ 1991ರ ತೆಲುಗು ಚಿತ್ರ ‘ಆದಿತ್ಯ 369’ ನೆನಪಿಸಿಕೊಳ್ಳಿ. ಅದರ ನಿರ್ದೇಶಕ ಸಿಂಗೀತಂ ಶ್ರೀನಿವಾಸ ರಾವ್ ನಮಗೆ ‘ಹಾಲು ಜೇನು’, ‘ಪುಷ್ಪಕ ವಿಮಾನ’ ಕೊಟ್ಟವರೇ. ಹಂಪಿಗೆ ಇಷ್ಟು ಹತ್ತಿರವಿರುವ ನಮ್ಮ ಮಕ್ಕಳಿಗೆ ಆ ಚಿತ್ರ ಕನ್ನಡದಲ್ಲಿ ಸಿಗಲಿಲ್ಲ ಎಂಬುದು ನನಗೆ ಇಂದಿಗೂ ನೋವಿನ ವಿಷಯ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಡಬ್ಬಿಂಗ್ ತಡೆಯುವುದು ತಪ್ಪೆಂದ ಮೇಲೆ ದಾರಿ ತೆರೆಯಿತು. 2022ರ ಡಿಸೆಂಬರ್ 16ಕ್ಕೆ ‘ಅವತಾರ್: ದಿ ವೇ ಆಫ್ ವಾಟರ್’ ಕನ್ನಡದಲ್ಲೂ ಬಂತು. ಆದರೆ ಹಾಲಿವುಡ್ಡಿನ ಸ್ಟುಡಿಯೋಗಳು ಕೇಳುವ ಡಿಸಿಐ ದರ್ಜೆಯ ಪ್ರೊಜೆಕ್ಟರು ದುಬಾರಿ. ಉಪಗ್ರಹದ ಅಗ್ಗದ ಯಂತ್ರ ಹಾಕಿಸಿಕೊಂಡ ಸಣ್ಣ ಟಾಕೀಸುಗಳು ಅದರಿಂದಲೇ ಹೊರಗುಳಿದವು. ಮೂರು ಆಯಾಮದ ಪರದೆ, ಕನ್ನಡಕದ ಖರ್ಚು ಬೇರೆ. 192 ನಿಮಿಷದ ಚಿತ್ರವನ್ನು ದಿನಕ್ಕೆ ನಾಲ್ಕಾಟ ಹಾಕುವುದೂ ಕಷ್ಟ. ಕೊನೆಗೆ ಲಕ್ಷ್ಮೇಶ್ವರದ ಕಾಲೇಜು ಹುಡುಗರು ಬಸ್ ಹಿಡಿದು ಹುಬ್ಬಳ್ಳಿಗೆ ಹೋಗುತ್ತಾರೆ. ಅವರ ದುಡ್ಡು ಹುಬ್ಬಳ್ಳಿಯ ಗಳಿಕೆಯಾಗುತ್ತದೆ. ಅವರ ಊರಿನ ಹೆಸರಿಗೆ ಸೊನ್ನೆ ಬೀಳುತ್ತದೆ.

ಹಂಚಿಕೆದಾರರಲ್ಲಿ ನನ್ನ ಕೋರಿಕೆ ಇಷ್ಟೇ. ಇಂಥ ಚಿತ್ರ ಬಂದಾಗ ಈ ಸೀಮೆಯ ಟಾಕೀಸುಗಳಿಗೆ ಬಾಡಿಗೆ ಬಿಟ್ಟು ಶೇಕಡಾವಾರು ಲೆಕ್ಕದಲ್ಲಿ ಕೊಡಿ. ಎರಡನೇ ವಾರ ನಾಲ್ಕೂ ಆಟ ಬೇಡ, ಒಂದು ಮ್ಯಾಟಿನಿಯಾದರೂ ಉಳಿಸಿ. 100 ರೂಪಾಯಿವರೆಗಿನ ಟಿಕೆಟ್ಟಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 12ರಿಂದ ಶೇ 5ಕ್ಕೆ ಇಳಿದಿದೆ, ಸಣ್ಣ ಊರಿನ ಟಿಕೆಟ್ಟುಗಳು ಬಹುತೇಕ ಆ ಮಿತಿಯೊಳಗಿನವು, ಆ ಉಳಿತಾಯದಲ್ಲೇ ಈ ಪ್ರಯೋಗ ಮಾಡಬಹುದು. ಓದುಗರೇ, ನಿಮ್ಮೂರಿಗೆ ಕನ್ನಡದ ಕಾಲಪಯಣವೋ ರೋಬೋಟೋ ಬಂದರೆ ಮೊದಲ ಭಾನುವಾರದೊಳಗೆ ನೋಡಿ, ಹಿಡಿಸಿದರೆ ಟಾಕೀಸಿನ ಮ್ಯಾನೇಜರರ ಬಳಿ ಹೋಗಿ ಇನ್ನೊಂದು ವಾರ ಇಡಿರೆಂದು ಕೇಳಿ.