ಹಳೆ ಪೋರ್ಷೆಗೆ ಹೊಸ ದನಿ

1997ರಲ್ಲಿ ಬಂದ ಪೋರ್ಷೆ 911ರ 996 ಮಾದರಿಯಲ್ಲಿ ನ್ಯಾವಿಗೇಶನ್ ಪರದೆ ಬೇಕೆಂದವರಿಗೆ ನಕ್ಷೆ ಸಿಗುತ್ತಿದ್ದುದು ಸಿಡಿಯಲ್ಲಿ. ಎಂಜಿನ್ ಇಂದಿಗೂ ಗುಡುಗುತ್ತದೆ. ಮುಪ್ಪು ಬಂದದ್ದು ನಕ್ಷೆಗೆ. ಆಮೇಲೆ ಹಾಕಿದ ರಸ್ತೆ ಅದಕ್ಕೆ ಗೊತ್ತೇ ಇಲ್ಲ.

ಅಂಗಡಿಯ ಯಾವುದೋ ಸ್ಟೀರಿಯೊ ಕೂರಿಸಬಹುದು, ನಿಜ. ನೀಲಿ ದೀಪ ಮಿನುಗಿಸುವ ಆ ಡಬ್ಬಿ ಮಾತ್ರ ರೇಷ್ಮೆ ಸೀರೆಗೆ ಪ್ಲಾಸ್ಟಿಕ್ ಪಿನ್ನು ಚುಚ್ಚಿದಂತೆ ಕಾಣುತ್ತದೆ.

2020ರಲ್ಲಿ ಪೋರ್ಷೆಯ ಹಳೆ ಕಾರುಗಳ ವಿಭಾಗವಾದ ಪೋರ್ಷೆ ಕ್ಲಾಸಿಕ್ ಈ ಕಾರಿಗೆಂದೇ ತಂದ ಪಿಸಿಸಿಎಂ ಪ್ಲಸ್ ಎಂಬ ಸ್ಟೀರಿಯೊ ಇಷ್ಟವಾಗುವುದು ಇಲ್ಲೇ. 7 ಇಂಚಿನ ಟಚ್‌ಸ್ಕ್ರೀನ್, ಆ್ಯಪಲ್ ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ ಎಲ್ಲ ಇದೆ; ಆದರೂ ಅದರ ಗುಂಡಿಗಳು ಪಕ್ಕದ ಸ್ವಿಚ್ಚುಗಳ ಒಡಹುಟ್ಟಿದವರಂತೆ ಕಾಣುತ್ತವೆ. ಹಳೆಯ ಆಂಪ್ಲಿಫೈಯರ್, ಸ್ಪೀಕರ್, ಆಂಟೆನಾ ಇದ್ದಲ್ಲೇ ಉಳಿಯುತ್ತವೆ.

ಇನ್ನೂ ಹಳೆಯ, ಗಾಳಿಯಿಂದ ತಣಿಯುವ ಎಂಜಿನ್ನಿನ 911ಗಳ ಕಿರಿದಾದ ರೇಡಿಯೊ ಗೂಡಿಗೆ ‘ಪ್ಲಸ್’ ಇಲ್ಲದ ಪಿಸಿಸಿಎಂ ಇದೆ: 3.5 ಇಂಚಿನ ಪರದೆ, ಎರಡು ತಿರುಗುಗುಂಡಿ. ಬೆರಳಿಗೆ ಚಿಕ್ಕದೇ ಸರಿ, ಡ್ಯಾಶ್‌ಬೋರ್ಡನ್ನಂತೂ ಕೊಯ್ಯಬೇಕಿಲ್ಲ.